ಅಪ್ಪ ಟರ್ನರ್ ಆಗಿದ್ದ ಕೊನೆಯ ಮಳೆಗಾಲ

ಕಳೆದ ವಾರ ಸಂಜೆ ಜೋಗೇಶ್ವರಿ ಸ್ಟೇಷನ್ನಿನ ಮೇಲ್ಸೇತುವೆಯಲ್ಲಿ ಮಳೆಗೆ ಸಿಕ್ಕಿಕೊಂಡೆ. ಜನ ಮೆಟ್ಟಿಲುಗಳ ಮೇಲೆಯೇ ನಿಂತುಬಿಟ್ಟಿದ್ದರು, ಮುಂದೆ ಹೋಗುವ ಹಾಗಿರಲಿಲ್ಲ. ನನ್ನ ಮುಂದಿದ್ದ ಮನುಷ್ಯನ ಅಂಗಿಯಿಂದ ಕೂಲಂಟ್ ವಾಸನೆ ಬರುತ್ತಿತ್ತು. ಲೇತ್ ಯಂತ್ರದ ಮೇಲೆ ಲೋಹ ಕಡೆಯುವಾಗ ಬಿಸಿಯೇರದಿರಲೆಂದು ಸುರಿಯುವ, ಮಜ್ಜಿಗೆಯಂತೆ ಕಾಣುವ ಎಣ್ಣೆನೀರು ಅದು. ನಾಲ್ಕು ದಿನ ಹಳತಾದರೆ ಹುಳಿ ಬಂದ ಹಿಟ್ಟೂ ತುಕ್ಕೂ ಸೇರಿದ ಹಾಗೆ ನಾರುತ್ತದೆ. ನಾನು ಹುಟ್ಟಿದಾಗಿನಿಂದ ದಹಿಸರ್‌ನ ನಮ್ಮ ಮನೆಯ ಬಾಗಿಲ ಹಿಂದೆ, ಅಪ್ಪ ಅಂಗಿ ತೂಗುಹಾಕುವ ಮೊಳೆಯ ಹತ್ತಿರ, ಆ ವಾಸನೆ ಇರುತ್ತಿತ್ತು. ಮೂರು ವರ್ಷದಿಂದ ಇಲ್ಲ. ನಾನು ಹತ್ತಬೇಕಾಗಿದ್ದ ಲೋಕಲ್ ಕೆಳಗೆ ಬಂದು ನಿಂತು ಹೋಯಿತು. ನಾನು ಆ ಮನುಷ್ಯನ ಬೆನ್ನ ಹಿಂದೆಯೇ ನಿಂತಿದ್ದೆ.

ಮೂರು ವರ್ಷದ ಹಿಂದಿನ ಆ ಮಳೆಗಾಲದಲ್ಲಿ ನಾನು ಅರ್ಥಶಾಸ್ತ್ರದ ಎಂ.ಎ. ಮುಗಿಸಿ ಒಂದು ಅಧ್ಯಯನದಲ್ಲಿ ಆರು ತಿಂಗಳ ಕೆಲಸಕ್ಕೆ ಸೇರಿದ್ದೆ. ಆಫೀಸು ಮಾಟುಂಗದಲ್ಲಿ, ಒಂದು ಉಡುಪಿ ಹೋಟೆಲಿನ ಮೇಲಿನ ಎರಡು ಕೋಣೆ. ಹತ್ತು ಗಂಟೆಗೆ ಫೈಲು ತೆರೆದರೆ ಕೆಳಗಿನಿಂದ ಸಾಂಬಾರಿನ ಹಬೆ ಕಿಟಕಿಗೆ ಬರುತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ಪಶ್ಚಿಮದ ಉಪನಗರಗಳ ಕೆಲವು ಮನೆಗಳಿಗೆ ಹೋಗಿ ಯಾರು ಯಾವ ಕೆಲಸ ಮಾಡುತ್ತಾರೆಂದು ಕೇಳಿ ಬರೆದುಕೊಂಡಿದ್ದರು. ಈಗ ಅದೇ ಮನೆಗಳಿಗೆ ಮತ್ತೆ ಹೋಗಿ ಅದೇ ಪ್ರಶ್ನೆ ಕೇಳುವುದು, ಕೆಲಸಗಳು ಹೇಗೆ ಬದಲಾಗಿವೆ ಎಂದು ನೋಡುವುದು, ಇದು ಆ ಅಧ್ಯಯನ. ಮನೆಮನೆಗೆ ಹೋಗುವವರು ಬೇರೆ ಇದ್ದರು. ನನಗೆ ಕೊಟ್ಟದ್ದು ಕುಳಿತು ಮಾಡುವ ಕೆಲಸ. "ನಿನಗೆ ಕಣ್ಣಿದೆ, ಬಾಯಿ ಇಲ್ಲ. ನೀನು ಫಾರಂ ಪರಿಶೀಲನೆ ಮಾಡು," ಎಂದಿದ್ದರು ಮುಖ್ಯಸ್ಥೆ ಮೇಡಂ. ಅದು ನಿಜವಾಗಿತ್ತು, ನನಗೆ ಬೇಸರವಾಗಲಿಲ್ಲ.

ಮನೆಗಳ ಫಾರಂ ಒಂದು ಕಡೆ, ಕಾರ್ಖಾನೆ ಅಂಗಡಿಗಳಿರುವ ಗಲ್ಲಿಗಳ ಪಟ್ಟಿ ಇನ್ನೊಂದು ಕಡೆ. ಎರಡನ್ನೂ ತಾಳೆ ನೋಡಿ ಪ್ರತಿಯೊಬ್ಬರ ಕೆಲಸಕ್ಕೂ ಒಂದು ಕೋಡ್ ಹಾಕಬೇಕು. ತಾಳೆಯಾಗದಿದ್ದರೆ ಮನೆಯ ನಂಬರಿನ ಕೆಳಗೆ ಕೆಂಪು ಗೆರೆ ಎಳೆಯಬೇಕು. ಕೆಂಪು ಗೆರೆ ಬಿದ್ದ ಮನೆಗೆ ಮರುಭೇಟಿ. ಮೊದಲು ಹೋದವರು ಮರುಭೇಟಿಗೆ ಹೋಗುವಂತಿಲ್ಲ, ಮತ್ತು ಹೋಗುವವರ ಚೀಟಿಯಲ್ಲಿ ಹೆಸರಿರುವುದಿಲ್ಲ, ಬಿಲ್ಡಿಂಗ್, ರೂಮ್ ನಂಬರ್ ಮತ್ತು ತಾಳೆಯಾಗದ ಉತ್ತರ ಮಾತ್ರ. ಈ ನಿಯಮಗಳು ನನಗೆ ಇಷ್ಟವಾಗಿದ್ದವು.

ಜೂನ್ ಜುಲೈ ಪೂರ್ತಿ ನಾನು ಓದಿದ್ದು ಅದನ್ನೇ. ಹಳೆಯ ಫಾರಂನಲ್ಲಿ ವೆಲ್ಡರ್ ಆಗಿದ್ದವನು ಈಗ ಅದೇ ಫ್ಯಾಕ್ಟರಿಯ ಜಾಗದಲ್ಲಿ ಎದ್ದ ಟವರಿನ ವಾಚ್‌ಮನ್. ಔಷಧ ಕಂಪನಿಯಲ್ಲಿ ಮಾತ್ರೆ ಪ್ಯಾಕ್ ಮಾಡುತ್ತಿದ್ದವಳು ಈಗ ಮೂರು ಮನೆಗಳಲ್ಲಿ ಅಡುಗೆಯವಳು. ಪ್ರಿಂಟಿಂಗ್ ಪ್ರೆಸ್ಸಿನವನ ಇಬ್ಬರು ಮಕ್ಕಳೂ ಬೈಕಿನ ಮೇಲೆ ಪಾರ್ಸೆಲ್ ಹಂಚುತ್ತಾರೆ. ಒಂದೊಂದಕ್ಕೂ ನಾನು ಸರಿಯಾದ ಕೋಡ್ ಹಾಕುತ್ತಿದ್ದೆ. ಸಂಜೆ ಆರರ ಹೊತ್ತಿಗೆ ಒಂದು ಕಟ್ಟು ಮುಗಿದರೆ ನೆಮ್ಮದಿಯಾಗುತ್ತಿತ್ತು.

ಅಪ್ಪ ಟರ್ನರ್, ಲೇತ್ ಮೇಲೆ ಲೋಹ ಕಡೆಯುವವನು. ವಿಜಯಪುರ ಜಿಲ್ಲೆಯಿಂದ ಹದಿನೆಂಟನೆಯ ವಯಸ್ಸಿಗೆ ಬಂದು, ಮೊದಲು ಕಬ್ಬಿಣದ ಚೂರು ಗುಡಿಸಿ, ಆಮೇಲೆ ಲೇತ್ ಕಲಿತವನು. ಜೋಗೇಶ್ವರಿಯ ಒಂದು ಗಲ್ಲಿಯಲ್ಲಿ ಸಾಲಾಗಿ ಸಣ್ಣ ಕಾರ್ಖಾನೆಗಳಿವೆ. ಅಲ್ಲಿನ ಒಂದೊಂದು ಮಳಿಗೆಗೂ ಗಾಳಾ ಎನ್ನುತ್ತಾರೆ. ಏಳನೇ ನಂಬರ್ ಗಾಳಾದಲ್ಲಿ ಅಪ್ಪ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದ್ದ. ಬೆಳಿಗ್ಗೆ ಎಂಟಕ್ಕೆ ಅವ್ವ ಕಟ್ಟಿಕೊಟ್ಟ ಡಬ್ಬಿ ಹಿಡಿದು ಹೊರಟರೆ ಸಂಜೆ ಏಳೂವರೆಗೆ ಬರುತ್ತಿದ್ದ. ಬಂದು ಕೈಕಾಲು ತೊಳೆದು, ರೊಟ್ಟಿ ಮುರಿಯುತ್ತ, ಆ ದಿನ ಗಾಳಾದಲ್ಲಿ ನಡೆದದ್ದನ್ನು ಹೇಳುತ್ತಿದ್ದ. ನಮ್ಮ ಮನೆಯಲ್ಲಿ ಮಾತೆಂದರೆ ಅದೇ. ನಾನು ಮಾತಾಡುವವಳಲ್ಲ, ಅವ್ವನಿಗೆ ಕೇಳುವುದು ಇಷ್ಟ.

ಆ ವರ್ಷ ಅಪ್ಪನ ಕಥೆಗಳು ಹಿಂದೆಂದಿಗಿಂತ ಚೆನ್ನಾಗಿದ್ದವು. ಪಕ್ಕದ ಲೇತಿನ ರಾಮದುಲಾರ್ ಮತ್ತು ಗಾಳಾದ ಮಾಲೀಕ ಶೇಠ್ ಜಗಳವಾಡಿದ ದಿನ ನನಗೆ ನೆನಪಿದೆ.

"ಇವತ್ತ ರಾಮದುಲಾರ ಶೇಠ್‌ನ ಮುಂದ ನಿಂತು ಹೇಳೇಬಿಟ್ಟ, ಫ್ಯಾನ್ ಬೇಕಂದ್ರ ಬೇಕು ಅಂತ. ಶೇಠ್ ತಂದಾ. ತಂದು ತನ್ನ ಟೇಬಲ್ ಕಡೆ ಮುಖಾ ಮಾಡಿ ಇಟ್ಟಾ. ರಾಮದುಲಾರ ಏನ್ ಮಾಡಿದಾ ಅಂತೀರಿ? ಒಂದು ತಗಡು ತಂದು ಶೇಠ್‌ನ ಬೆನ್ನ ಹಿಂದ ನಿಲ್ಲಿಸಿದಾ. ಗಾಳಿ ತಗಡಿಗೆ ಬಡದು ತನ್ನ ಕಡೆ ಬರಲಿ ಅಂತ."

"ಬಂತೇನು?" ಎಂದಳು ಅವ್ವ.

"ಗಾಳಿ ಎಲ್ಲಿ ಬರ್ತೈತಿ. ಶೇಠ್‌ನ ಬಿಲ್ಲಿನ ಕಾಗದ ಬಂದ್ವು, ಹಾರ್ಕೋತ."

ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನೂ ನಕ್ಕೆ.

ಜುಲೈ ಕೊನೆಗೆ ಬಂದ ಮನೆಗಳ ಪಟ್ಟಿಯಲ್ಲಿ ನಮ್ಮ ರೂಮಿತ್ತು. ಇಪ್ಪತ್ತು ವರ್ಷದ ಹಿಂದೆಯೂ ಈ ಅಧ್ಯಯನದವರು ಬಂದಿದ್ದರಂತೆ. ನನಗೆ ಆಗ ನಾಲ್ಕು ವರ್ಷ. ಹಳೆಯ ಫಾರಂ ತೆಗೆದು ನೋಡಿದೆ. ಅಪ್ಪನ ಹೆಸರು, ಟರ್ನರ್. ಅವ್ವ, ಮನೆಗೆಲಸ. ಒಂದು ಹೆಣ್ಣುಮಗು. ಕೆಳಗೆ ಷರಾ ಬರೆಯುವ ಜಾಗದಲ್ಲಿ, ಮನೆಯ ಯಜಮಾನರು ತಾವು ಮಾಡಿದ ಹಿತ್ತಾಳೆಯ ಬುಶ್, ಯಂತ್ರದ ಉಂಗುರದಂಥ ಬಿಡಿಭಾಗ, ಒಂದನ್ನು ತಂದು ತೋರಿಸಿದರು ಎಂದು ಯಾರೋ ಬರೆದಿದ್ದರು. ಅದನ್ನು ಬರೆಯಬೇಕಾಗಿರಲಿಲ್ಲ. ಆದರೂ ಬರೆದಿದ್ದರು.

ಸ್ವಂತ ಮನೆಗೆ ನಾವೇ ಹೋಗುವಂತಿಲ್ಲ, ಉತ್ತರ ಕೊಡುವಾಗ ಅಲ್ಲಿ ಇರುವಂತೆಯೂ ಇಲ್ಲ. ನಸ್ರೀನ್ ಹೋದಳು. ಅವಳು ನನ್ನ ಜೊತೆಯವಳು, ಜೋಗೇಶ್ವರಿಯವಳು. ತಾಯಿಯ ಊರು ಹುಬ್ಬಳ್ಳಿಯಾದ್ದರಿಂದ ಅರ್ಧ ಕನ್ನಡ ಬರುತ್ತಿತ್ತು. ಆ ಭಾನುವಾರ ನಾನು ದಹಿಸರ್ ಸ್ಟೇಷನ್ನಿನ ಬೆಂಚಿನ ಮೇಲೆ ಒಂದು ಗಂಟೆ ಕುಳಿತಿದ್ದೆ.

ಸೋಮವಾರ ನಸ್ರೀನ್ ಫಾರಂ ನನ್ನ ಮೇಜಿನ ಮೇಲಿಟ್ಟು, "ನಿನ್ನ ಅಪ್ಪ ಎಂಥಾ ಮಾತಾಡ್ತಾರೆ ಯಾರ್," ಎಂದಳು. "ಲೇತ್ ಹೇಗೆ ತಿರುಗ್ತದೆ ಅಂತ ಲೋಟಾ ಹಿಡಿದು ತೋರಿಸಿದ್ರು. ಚಹಾ ಚೆಲ್ಲಿತು. ನೀನು ನಿಜವಾಗ್ಲೂ ಅವರ ಮಗಳೇನಾ? ಆಸ್ಪತ್ರೆಯಲ್ಲಿ ಬದ್ಲಿ ಆಗಿಲ್ಲ ತಾನೆ?"

ಫಾರಂನಲ್ಲಿತ್ತು: ಟರ್ನರ್, ಏಳನೇ ನಂಬರ್ ಗಾಳಾ, ಜೋಗೇಶ್ವರಿ, ಇಪ್ಪತ್ತೆಂಟು ವರ್ಷದಿಂದ. ಗಲ್ಲಿಯ ಪಟ್ಟಿ ಇನ್ನೂ ಬಂದಿರಲಿಲ್ಲವಾದ್ದರಿಂದ ಅದನ್ನು ಬದಿಗಿಟ್ಟೆ.

ಪಟ್ಟಿ ಹತ್ತು ದಿನದ ಮೇಲೆ ಬಂತು. ಅದನ್ನು ತಯಾರಿಸಿದವರು ಪಾಟೀಲ್, ಎಲ್ಲೋ ಗುಮಾಸ್ತರಾಗಿದ್ದು ನಿವೃತ್ತರಾದ ಮರಾಠಿ ಗೃಹಸ್ಥರು. ಅವರ ಅಕ್ಷರ ಅಚ್ಚಿನಂತೆ, ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ಏಳನೇ ಗಾಳಾ: ಹಿಂದೆ ಲೇತ್ ಕೆಲಸ. ಈಗ ಮೊಬೈಲಿನಲ್ಲಿ ಆರ್ಡರ್ ಪಡೆದು ಊಟ ಕಳಿಸುವ ಅಡುಗೆಮನೆ. ಹೋಳಿಯ ನಂತರ ಬದಲಾಗಿದೆ. ಹಳೆಯ ಕೆಲಸಗಾರರಲ್ಲಿ ಒಬ್ಬರು ಮಾತ್ರ ಉಳಿದಿದ್ದಾರೆ, ಪ್ಯಾಕಿಂಗ್.

ನಾನು ಅದನ್ನು ಮೂರು ಸಲ ಓದಿದೆ. ಮನೆಗೆ ಹೋಗಿ, ಯಾರೂ ನೋಡದಾಗ ಬಾಗಿಲ ಹಿಂದಿನ ಅಂಗಿಯ ತೋಳನ್ನು ಮೂಗಿಗೆ ಹಿಡಿದೆ. ಕೂಲಂಟ್ ವಾಸನೆ ಇತ್ತು. ಪಾಟೀಲರೇ ತಪ್ಪಿರಬೇಕು ಎಂದುಕೊಂಡೆ.

ಶನಿವಾರ ಮಧ್ಯಾಹ್ನ ಆಫೀಸಿನಿಂದ ಬೇಗ ಹೊರಟು ಜೋಗೇಶ್ವರಿಯಲ್ಲಿ ಇಳಿದೆ. ಗಲ್ಲಿಯಲ್ಲಿ ಮೊಣಕಾಲ ಕೆಳಗಿನವರೆಗೆ ನೀರು. ಎದುರಿನ ಚಹಾದಂಗಡಿಯ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ನಿಂತೆ. ಏಳನೇ ಗಾಳಾದ ಶಟರ್ ಅರ್ಧ ಮೇಲಿತ್ತು, ಒಳಗೆ ಎಣ್ಣೆಯ ಹೊಗೆ. ಹೊರಗೆ ಐದಾರು ಬೈಕಿನವರು ಮಳೆಯಂಗಿಯಲ್ಲಿ ನಿಂತು ಆರ್ಡರ್ ನಂಬರ್ ಕೂಗುತ್ತಿದ್ದರು. ಬಾಗಿಲಿಗೆ ಅಡ್ಡವಾಗಿಟ್ಟ ಮೇಜಿನ ಹಿಂದೆ ಅಪ್ಪನಿದ್ದ. ತಲೆಗೆ ಪ್ಲಾಸ್ಟಿಕ್ ಟೋಪಿ, ಕಪ್ಪು ಏಪ್ರನ್. ಡಬ್ಬಿಯ ಮುಚ್ಚಳ ಒತ್ತಿ, ನಾಲ್ಕೂ ಮೂಲೆ ಬೆರಳಿನಿಂದ ಸವರಿ ನೋಡಿ, ಆಮೇಲೆ ಟೇಪು ಹಚ್ಚುತ್ತಿದ್ದ.

"ಕಾಕಾ, ಜಲ್ದಿ. ಸೋನಾ ತೋಲತಾಯ್ ಕಾಯ್?" ಎಂದ ಒಬ್ಬ ಬೈಕಿನವನು, ಬಂಗಾರ ತೂಗುತ್ತೀಯೇನು ಎಂಬಂತೆ.

ಉಳಿದವರು ನಕ್ಕರು. ಅಪ್ಪನೂ ನಕ್ಕ. ಕೈ ಮಾತ್ರ ಅವಸರ ಮಾಡಲಿಲ್ಲ. ನಾನು ರಸ್ತೆ ದಾಟಲಿಲ್ಲ. ಹದಿನೈದು ಹೆಜ್ಜೆಯಿರಬಹುದು.

ಅದೇ ಸಂಜೆ ಊಟಕ್ಕೆ ಕುಳಿತಾಗ ಅಪ್ಪ ರಾಮದುಲಾರನ ಕಥೆ ಶುರು ಮಾಡಿದ. ನಾನು ನಡುವೆ, "ಅಪ್ಪಾ, ಆರ್ಡರ್ ಹೆಂಗ ಅದಾವ ಈಗ?" ಎಂದೆ.

ಅಪ್ಪ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದ. "ಭಾಳ ಅದಾವ ತಂಗಿ. ಮಳಿ ಇದ್ರ ಇನ್ನೂ ಜಾಸ್ತಿ." ನಮ್ಮ ಕಡೆ ಮಗಳನ್ನೂ ತಂಗಿ ಎಂದೇ ಕರೆಯುತ್ತಾರೆ. ಮಳೆಗೂ ಲೇತಿಗೂ ಸಂಬಂಧವಿಲ್ಲ ಎಂದು ಅವನಿಗೂ ಹೊಳೆದಿರಬೇಕು, ನನ್ನ ಕಡೆ ನೋಡಿದ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಹೇಳಿಬಿಡುತ್ತಿದ್ದನೇನೋ. ಅಷ್ಟರಲ್ಲಿ ಅವ್ವ, "ಮೊದಲ ಉಣ್ಣಾಕ ಬಿಡ ಅವರನ್ನ," ಎಂದು ಪಲ್ಯ ಬಡಿಸಿದಳು. ನಾನು ತಟ್ಟೆ ಮುಂದೆ ಹಿಡಿದೆ.

ಸೋಮವಾರ ಎರಡೂ ಕಾಗದ ನನ್ನ ಮುಂದಿದ್ದವು. ಮನೆಯ ಫಾರಂ ಲೇತ್ ಎನ್ನುತ್ತದೆ, ಗಲ್ಲಿಯ ಪಟ್ಟಿ ಅಡುಗೆಮನೆ ಎನ್ನುತ್ತದೆ. ನನ್ನ ಮನೆಯೆಂದು ಬಿಟ್ಟುಬಿಟ್ಟರೆ ನಾನು ಮಾಡಿದ ಉಳಿದ ಕೆಲಸಕ್ಕೆ ಏನು ಬೆಲೆ ಎಂದು ಯೋಚಿಸಿದೆ. ನಾನೇ ತಿದ್ದಿದರೆ ಅದೂ ತಪ್ಪು. ನಿಯಮ ಸ್ಪಷ್ಟವಾಗಿತ್ತು. ಆಗ ನಾನು ನನಗೆ ಹೇಳಿಕೊಂಡದ್ದು ಇಷ್ಟು. ಆದರೆ ಅಪ್ಪನನ್ನು ಕೇಳುವ ಧೈರ್ಯ ನನಗಿರಲಿಲ್ಲ ಎಂಬುದು ಇದಕ್ಕಿಂತ ನಿಜ. ಎದುರು ಕುಳಿತು ಕೇಳಬೇಕಾಗಿದ್ದನ್ನು ಕಾಗದ ಕೇಳಲಿ ಎಂದು ಬಿಟ್ಟೆ. ಸ್ಕೇಲು ಇಟ್ಟು ನಮ್ಮ ರೂಮ್ ನಂಬರಿನ ಕೆಳಗೆ ಕೆಂಪು ಗೆರೆ ಎಳೆದೆ. ಮರುಭೇಟಿಯ ಚೀಟಿಗಳನ್ನು ಪಾಟೀಲರು ಆ ಸಂಜೆಯೇ ತೆಗೆದುಕೊಂಡು ಹೋದರು.

ಅವರು ಹೋದದ್ದು ಮಂಗಳವಾರ ಮಧ್ಯಾಹ್ನ. ಮಳೆಯಿಂದಾಗಿ ನಮ್ಮ ಮಹಡಿಯ ಹೆಂಗಸರೆಲ್ಲ ಗ್ಯಾಲರಿಯಲ್ಲಿ ಬಟ್ಟೆ ಹರವುತ್ತ, ಅಕ್ಕಿ ಹಸನು ಮಾಡುತ್ತ ಕುಳಿತಿದ್ದರು. ತಗಡಿನ ಮೇಲೆ ಮಳೆಯ ಸದ್ದು ಜೋರಾಗಿದ್ದರಿಂದ ಪಾಟೀಲರು ಗಟ್ಟಿಯಾಗಿ ಕೇಳಬೇಕಾಯಿತು. ನಿಮ್ಮ ಯಜಮಾನರು ಟರ್ನರ್ ಎಂದು ಬರೆಸಿದ್ದಾರೆ, ಆದರೆ ಆ ಗಾಳಾದಲ್ಲಿ ಲೇತ್ ಇಲ್ಲ, ಈಗ ಅಲ್ಲಿ ಬಿರಿಯಾನಿ ಮಾಡುತ್ತಾರೆ, ಅವರು ನಿಜವಾಗಿ ಮಾಡುವ ಕೆಲಸ ಯಾವುದು? ಪಕ್ಕದ ರೂಮಿನ ಶಿಂದೆಬಾಯಿ ಅಕ್ಕಿಯ ಮೊರ ಕೆಳಗಿಟ್ಟಳಂತೆ. ಅವ್ವ, "ಅಲ್ಲೇ ಪ್ಯಾಕಿಂಗ್ ಮಾಡ್ತಾರ," ಎಂದು ಮರಾಠಿಯಲ್ಲಿ ಹೇಳಿ, ಚಹಾ ಕೊಟ್ಟಳು. ಮಳೆ ನಿಲ್ಲದ್ದರಿಂದ ಹೋಗುವಾಗ ನಮ್ಮ ಛತ್ರಿಯನ್ನೂ ಕೊಟ್ಟಳು.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಸಂಜೆ ನಾನು ಮನೆಗೆ ಬಂದಾಗ ಅವ್ವ ಹಿಟ್ಟು ನಾದುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅಪ್ಪ ಬಂದ. ತೊಯ್ದಿದ್ದ. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಅಲ್ಲೇ ನಿಂತ.

"ಶಿಂದೆಬಾಯಿ ಮೆಟ್ಟಲ ಮ್ಯಾಲ ಸಿಕ್ಕಿದ್ಲು," ಎಂದ.

"ಹೂಂ," ಎಂದಳು ಅವ್ವ.

"ಭಾವೂ, ನಮಗೂ ಎರಡು ಬಿರಿಯಾನಿ ಕಳಸ್ರಿ ಅಂದ್ಲು."

ಅವ್ವ ಹಿಟ್ಟಿನ ಕೈ ತೊಳೆದುಕೊಂಡಳು. "ನೀವು ಮೊದಲ ತಲಿ ಒರಸ್ಕೋರಿ."

ಅಪ್ಪ ತಲೆ ಒರೆಸಿಕೊಳ್ಳಲಿಲ್ಲ. ಪ್ಯಾಂಟಿನ ಜೇಬಿನಿಂದ ಒಂದು ಸಣ್ಣ ಬಾಟಲಿ ತೆಗೆದ. ಕೆಮ್ಮಿನ ಔಷಧದ ಹಳೆಯ ಬಾಟಲಿ; ಒಳಗೆ ಮಜ್ಜಿಗೆಯಂಥ ನೀರು ಅರ್ಧದಷ್ಟಿತ್ತು. ಅದನ್ನು ಬಚ್ಚಲಿಗೆ ಸುರಿದು, ಎರಡು ಚೊಂಬು ನೀರು ಹಾಕಿದ. ಮನೆಗೆ ಬರುವ ಮೊದಲು ದಿನಾ ಅಂಗಿಯ ತೋಳಿಗೆ ಅದನ್ನೇ ಅಷ್ಟು ಹಚ್ಚಿಕೊಳ್ಳುತ್ತಿದ್ದ ಎಂದು ನನಗೆ ಆಗ ಗೊತ್ತಾಯಿತು.

ಊಟಕ್ಕೆ ಕುಳಿತೆವು. ನಾನು ಅವನು ಮಾತಾಡಲಿ ಎಂದು ಕಾದೆ. "ಪಲ್ಯ ಚಲೋ ಆಗೈತಿ," ಎಂದ. ಅಷ್ಟೇ.

ಪಾತ್ರೆ ತೊಳೆಯುವಾಗ ಅವ್ವನನ್ನು ಕೇಳಿದೆ, "ನಿನಗ ಗೊತ್ತಿತ್ತೇನ?"

"ಅಂಗಿ ಒಗಿಯಾಕಿ ನಾನು," ಎಂದಳು. "ತೋಳಿಗಷ್ಟ ಎಣ್ಣಿ ವಾಸನಿ, ಕೊರಳಪಟ್ಟಿ ತುಂಬ ಉಳ್ಳಾಗಡ್ಡಿ ವಾಸನಿ. ಹೋಳಿ ಆಗಿ ಎಂಟು ದಿನಕ್ಕ ಗೊತ್ತಾತು. ಒಮ್ಮೆ ಗಲ್ಲಿಗೆ ಹೋಗಿ ಕೇಳ್ಕೊಂಡೂ ಬಂದೆ."

"ಮತ್ತ ಯಾಕ ಕೇಳಲಿಲ್ಲ?"

"ಅವರ ತಾವಾಗೇ ಹೇಳ್ತಿದ್ರು. ಎಲ್ಲೆರ ಮತ್ತೊಂದು ಲೇತ್ ಸಿಕ್ಕ ಮ್ಯಾಲ ನಕ್ಕೋತ ಹೇಳ್ತಿದ್ರು. ಸಿಗಲಿಲ್ಲಂದ್ರೂ ಒಂದಿನ ಹೇಳ್ತಿದ್ರು. ಅಲ್ಲೀತನಾ ಆ ರಾಮದುಲಾರನ ಕಥಿ ಕೇಳ್ಕೋತ ಉಣ್ಣಾಕ ನನಗೇನ ತ್ರಾಸ?" ತೊಳೆದ ತಟ್ಟೆಯನ್ನು ಗೋಡೆಗೆ ಒರಗಿಸಿಟ್ಟಳು. "ಮಂದಿ ಮುಂದ ಕೇಳಿಬಿಟ್ರ ಗೊತ್ತಿಲ್ಲದಾಂಗ ಹೆಂಗ ಇರೂದು."

ರಾಮದುಲಾರ್ ಗಾಳಾ ಮುಚ್ಚಿದ ವಾರವೇ ಊರಿಗೆ ಹೋಗಿಬಿಟ್ಟಿದ್ದ ಎಂದೂ ಅವಳಿಗೆ ಗೊತ್ತಿತ್ತು. ಫ್ಯಾನಿನ ಗಾಳಿ ಬಂತೇನು ಎಂದು ಕೇಳಿದಾಗಲೂ ಗೊತ್ತಿತ್ತು. ಮರುಭೇಟಿಗೆ ಯಾರು ಕಳಿಸಿದರು ಎಂದು ಅವಳು ನನ್ನನ್ನು ಕೇಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ.

ಮರುದಿನ ಆಫೀಸಿನಲ್ಲಿ ಪಾಟೀಲರ ಕುರ್ಚಿಗೆ ನಮ್ಮ ಛತ್ರಿ ತೂಗುಹಾಕಿತ್ತು. ಹಿಡಿಗೆ ಅವ್ವ ಗುರುತಿಗೆಂದು ಕಟ್ಟಿದ ನೀಲಿ ದಾರ. "ಬಹಳ ಒಳ್ಳೆಯ ಹೆಣ್ಣುಮಗಳು," ಎಂದರು ಪಾಟೀಲರು, "ಮರೆಯದೆ ವಾಪಸು ಕೊಡಬೇಕು." ತಿದ್ದಿದ ಚೀಟಿ ನನ್ನ ಮೇಜಿನ ಮೇಲಿಟ್ಟರು. ಟರ್ನರ್ ಎಂಬುದನ್ನು ಒಂದು ಗೆರೆಯಿಂದ ಹೊಡೆದು, ಮೇಲೆ ಪ್ಯಾಕಿಂಗ್ ಕೆಲಸ ಎಂದು ಬರೆದಿದ್ದರು. ನಾನು ಹೊಸ ಕೋಡ್ ಹಾಕಿದೆ. ಅಪ್ಪ ಒಂದು ಕೋಷ್ಟಕದಿಂದ ಇನ್ನೊಂದಕ್ಕೆ ಹೋದ.

ನಸ್ರೀನ್‌ಗೆ ಮಾತ್ರ ಹೇಳಿದೆ. ಅವಳು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. "ನನಗೆ ಹೇಳಬೇಕಿತ್ತಲ್ಲ, ಪಾಗಲ್," ಎಂದಳು. "ನಾನೇ ಹೋಗಿ ಅಂಕಲ್ ಹತ್ರ ಮಾತಾಡ್ತಿದ್ದೆ. ಫಾರಂ ಏನು, ಫಾರಂ ಕಾಗದ."

ಅಪ್ಪ ಅದೇ ಅಡುಗೆಮನೆಗೆ ಹೋಗುವುದನ್ನು ಮುಂದುವರಿಸಿದ. ಎಂಟಕ್ಕೆ ಡಬ್ಬಿ ಹಿಡಿದು ಹೊರಡುತ್ತಿದ್ದ, ಸಂಜೆ ಬಂದು ಊಟ ಮಾಡುತ್ತಿದ್ದ. ಗಾಳಾದ ಸುದ್ದಿ ಹೇಳಲಿಲ್ಲ. ಅಡುಗೆಮನೆಯ ಸುದ್ದಿಯನ್ನೂ ಹೇಳಲಿಲ್ಲ. ಅವ್ವ ಒಂದೆರಡು ಸಲ, "ಇವತ್ತ ಏನಾತು?" ಎಂದು ಕೇಳಿದಳು. "ಏನಿಲ್ಲ, ಕೆಲಸ," ಎಂದ. ಅವಳೂ ಬಿಟ್ಟಳು. ಊಟದ ಹೊತ್ತಿಗೆ ಟಿವಿ ಹಾಕುವ ರೂಢಿ ನಮ್ಮ ಮನೆಯಲ್ಲಿ ಶುರುವಾದದ್ದು ಆ ಸೆಪ್ಟೆಂಬರಿನಲ್ಲಿ.

ದೀಪಾವಳಿಗೆ ಹತ್ತು ದಿನ ಮೊದಲು ವಸಯಿಯಿಂದ ಅಪ್ಪನಿಗೆ ಫೋನ್ ಬಂತು. ಹಳೆಯ ಗೆಳೆಯನೊಬ್ಬ ಅಲ್ಲಿ ಎರಡು ಲೇತ್ ಹಾಕಿದ್ದನಂತೆ, ಕೈ ಕುಳಿತ ಟರ್ನರ್ ಬೇಕಾಗಿದ್ದ. ಮಾರ್ಚಿನಿಂದ ಅಪ್ಪ ಅವನಿಗೆ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದನೆಂದು ಆಗ ತಿಳಿಯಿತು. ಅಪ್ಪ ಗ್ಯಾಲರಿಯಲ್ಲಿ ನಿಂತು ಮಾತಾಡಿ ಒಳಗೆ ಬಂದ.

"ಏನಂದ್ರಿ?" ಎಂದಳು ಅವ್ವ.

"ಒಲ್ಲೆ ಅಂದೆ."

"ಯಾಕ?"

"ಈಗ ಯಾಕ ಬೇಕು? ಎಲ್ಲಾರಿಗೂ ಗೊತ್ತಾಗೈತಿ. ಇದ ಇರ್ಲಿ." ಟವೆಲ್ ತೆಗೆದುಕೊಂಡು ಸ್ನಾನಕ್ಕೆ ಹೋದ. ನಾನು ಗೋಡೆ ನೋಡುತ್ತ ಕುಳಿತಿದ್ದೆ. ಹೋಳಿಯಿಂದ ಆ ಐದು ತಿಂಗಳು ಅಪ್ಪ ಸುಳ್ಳು ಹೇಳುತ್ತಿರಲಿಲ್ಲ, ಹೇಳಿದ್ದನ್ನು ನಿಜ ಮಾಡಲು ಓಡಾಡುತ್ತಿದ್ದ. ನಾನು ಸ್ಕೇಲು ಇಟ್ಟು ಗೆರೆ ಎಳೆದಾಗ ಆ ಫೋನ್ ಬರಲು ಇನ್ನು ಎರಡೂವರೆ ತಿಂಗಳಿತ್ತು.

ಮರುದಿನ ಭಾನುವಾರ. ತರಕಾರಿಗೆಂದು ಅಪ್ಪನ ಜೊತೆ ಸ್ಟೇಷನ್ನಿನ ಹತ್ತಿರದ ಮಂಡಿಗೆ ಹೋದೆ. ಹೇಳಿಬಿಡಬೇಕು ಎಂದೇ ಹೋಗಿದ್ದೆ. ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಅಪ್ಪನೇ ಮೊದಲು ಮಾತಾಡಿದ.

"ಆ ಕಾಗದ ನಿಮ್ಮ ಆಫೀಸಿಂದ ಬಂತಲ್ಲ, ತಂಗಿ. ನಾ ಭಾಳ ಸಲ ವಿಚಾರ ಮಾಡ್ದೆ. ಅದು ನಿನ್ನ ಕೈಗೆ ಬಂದಿರಾಕಿಲ್ಲ. ಬಂದಿದ್ರ ನೀ ಮೊದಲ ನನ್ನ ಕೇಳ್ತಿದ್ದಿ."

ತೊಂಡೆಕಾಯಿಯವಳು ತಕ್ಕಡಿ ಹಿಡಿದು ಕಾಯುತ್ತಿದ್ದಳು. ಅಪ್ಪ ನನ್ನ ಕಡೆ ತಿರುಗಿದ. ಬಹಳ ದಿನದ ಮೇಲೆ ಅವನು ನನ್ನನ್ನು ನೇರವಾಗಿ ನೋಡಿದ್ದು.

"ಬ್ಯಾರೆ ಯಾರೋ ನೋಡಿರಬೇಕು, ಹೌದಿಲ್ಲೋ?"

"ಹೌದಪ್ಪಾ," ಎಂದೆ. "ಬ್ಯಾರೆಯವರು."

ಅಪ್ಪ ತಲೆಯಾಡಿಸಿದ. ಅವನ ಮುಖ ಎಷ್ಟೋ ಹಗುರಾಯಿತು. ಬಗ್ಗಿ, ತೊಂಡೆಕಾಯಿ ಎಳೆಯದಿದೆಯೇ ಎಂದು ಒಂದನ್ನು ಮುರಿದು ನೋಡತೊಡಗಿದ.